ವಿಸಿಟ್ ವೀಸಾ ಮೇಲೆ ದುಬೈಗೆ ಬರಬೇಡ ತಮ್ಮಾ

ತಮ್ಮಾ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ವೈರಿಂಗ್ ಕೆಲಸ ಮಾಡುತ್ತೀನಿ ಅಂತ ಬರೆದಿದ್ದೀಯ. ಏಜೆಂಟ್ 80 ಸಾವಿರ ಕೇಳಿದ್ದಾನೆ, ಮೊದಲು ವಿಸಿಟ್ ವೀಸಾ ಮೇಲೆ ದುಬೈಗೆ ಹೋಗು, ಕೆಲಸದ ವೀಸಾ ಅಲ್ಲಿ ಆಗುತ್ತೆ, ಪಾಸ್‌ಪೋರ್ಟ್ ಕಂಪನಿಯವರೇ ಇಟ್ಟುಕೊಳ್ಳುತ್ತಾರೆ ಅಂದನಂತೆ. ಇದು ಸರಿನಾ ಅಂತ ಕೇಳಿದ್ದೀಯ. ಮೂರರಲ್ಲಿ ಒಂದೂ ಸರಿ ಇಲ್ಲ.

ನಾನು ಮಾನ್ವಿ ಕಡೆಯವನು, ದುಬೈ ಪಕ್ಕದ ಶಾರ್ಜಾಕ್ಕೆ ಬಂದು 15 ವರ್ಷ ಆಯ್ತು. ವಿಸಿಟ್ ವೀಸಾ ಮೇಲೆ ಕೆಲಸ ಮಾಡುವುದು ಇಲ್ಲಿ ಅಪರಾಧ. ಕೆಲಸಕ್ಕೆ ಇಟ್ಟುಕೊಂಡವನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ ನಿಜ, ಆದರೆ ಅವನು ಸಂಬಳ ಕೊಡದೆ ಹೋದರೆ ನೀನು ಏನು ತೋರಿಸಿ ಕೇಳುತ್ತೀಯ, ಕೈಯಲ್ಲಿ ಅಗ್ರಿಮೆಂಟೇ ಇರಲ್ಲ ಅಲ್ವಾ? ದುಬೈನಲ್ಲಿ ಕೂಲಿಕಾರರು ಇರುವ ಸೋನಾಪುರದ ಕ್ಯಾಂಪುಗಳಲ್ಲಿ ಹೀಗೆ ಸಿಕ್ಕಿಬಿದ್ದ ನಮ್ಮ ಕಡೆ ಹುಡುಗರನ್ನು ನೋಡಿದ್ದೇನೆ. ಸಾಲ ಮಾಡಿ ಬಂದಿರುತ್ತಾರೆ, ಮನೆಗೆ ಫೋನ್ ಹಚ್ಚಲಿಕ್ಕೂ ಹಿಂಜರಿಯುತ್ತಾರೆ.

ಹತ್ತನೇ ಪಾಸಾಗಿಲ್ಲ ಅಂದಿದ್ದೀಯ. ಹಾಗಾದರೆ ನಿನ್ನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಮೊದಲು ಸರ್ಕಾರದ ತಪಾಸಣೆ ಬೇಕಾದ ಪಾಸ್‌ಪೋರ್ಟ್. ಕೆಲಸಕ್ಕೆ ಇಲ್ಲಿಗೆ ಬರಬೇಕಾದರೆ ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅನುಮತಿ ಆಗಲೇಬೇಕು. ಏಜೆಂಟರು ವಿಸಿಟ್ ವೀಸಾ ಹಿಡಿಸುವುದೇ ಇದನ್ನು ತಪ್ಪಿಸಲಿಕ್ಕೆ. ಅವನ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯಾ ಮೊದಲು ನೋಡು. ನೋಂದಣಿ ಆದ ಏಜೆಂಟ್ ಕೂಡ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲಿಯ ಕಾನೂನಂತೂ ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚು ಕಂಪನಿಯದೇ ಅನ್ನುತ್ತದೆ.

ಪಾಸ್‌ಪೋರ್ಟ್ ವಿಷಯಕ್ಕೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನನ್ನ ಮೊದಲ ಕಂಪನಿ ಅದನ್ನು ಬೀರುವಿನಲ್ಲಿ ಇಟ್ಟಿತ್ತು. ಅಪ್ಪ ತೀರಿಕೊಂಡ ಸುದ್ದಿ ಗುರುವಾರ ರಾತ್ರಿ ಬಂತು, ಶುಕ್ರವಾರ ರಜೆ, ಆಫೀಸಿಗೆ ಬೀಗ, ಕೀಲಿ ಇದ್ದವನು ಫೋನೇ ಎತ್ತಲಿಲ್ಲ. ಮಣ್ಣಿಗೆ ಹೋಗಲಿಕ್ಕೆ ಆಗಲಿಲ್ಲ. ಕೆಲಸಗಾರನ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳಬಾರದು ಅಂತ ಇಲ್ಲಿಯ 2021ರ ಕಾರ್ಮಿಕ ಕಾನೂನಿನಲ್ಲೇ ಇದೆ. ವೀಸಾ ಕೆಲಸಕ್ಕೆ ಅಂತ ಕೇಳಿದರೆ ಕೊಡು, ಕೆಲಸ ಮುಗಿದ ದಿನವೇ ವಾಪಸ್ ಇಸಿದುಕೋ.

ಅಗ್ರಿಮೆಂಟಿನಲ್ಲಿ ಒಟ್ಟು ಸಂಬಳ ನೋಡಿ ಖುಷಿಪಡಬೇಡ, ಬೇಸಿಕ್, ಅಂದರೆ ಭತ್ಯೆ ಸೇರದ ಮೂಲ ಸಂಬಳ ಎಷ್ಟು ನೋಡು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ ಬರುತ್ತದೆ. 1500 ದಿರ್ಹಮ್ ಅಂತ ಹೇಳಿ ಬೇಸಿಕ್ 600 ಬರೆದಿದ್ದರೆ ನಿನಗೆ ಸಿಗುವುದು ವರ್ಷಕ್ಕೆ 420 ಅಷ್ಟೇ. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಕಾಗದ ಹಿಂದಿಯಲ್ಲೋ ಉರ್ದುವಿನಲ್ಲೋ ಕೊಡಿ ಅಂತ ಕೇಳಬಹುದು, ಓದಿಸಿಕೊಳ್ಳದೆ ಸಹಿ ಹಾಕಬೇಡ.

ರಾಯಚೂರು ಕೊಪ್ಪಳದ ಬಿಸಿಲು ಉಂಡವನು ನೀನು, ಆದರೂ ಇಲ್ಲಿಯದು ಬೇರೆ, ಬೆವರು ಆರುವುದೇ ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಸಂಬಳ ನಿಂತರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು, ಸುಮ್ನೆ ತಿಂಗಳುಗಟ್ಟಲೆ ಕಾಯಬೇಡ.

ಏಜೆಂಟಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಆಫರ್ ಲೆಟರ್ ತೋರಿಸು ಅನ್ನು. ಕೊಟ್ಟರೆ ಫೋಟೋ ತೆಗೆದು ಕಳಿಸು, ಬೇಸಿಕ್ ಎಷ್ಟು ಬರೆದಿದ್ದಾರೆ ನಾನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಮಿಲ್ಲಿನ ಕೆಲಸ ಬಿಡಬೇಡ.