ಕೆಂಪಿಲ್ಲದ ಗೋಬಿ

ಪ್ರಶ್ನೆ: ಅಕ್ಕಾ, ಕಲಬುರಗಿಯಲ್ಲಿ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಚೈನೀಸ್ ಸೆಟ್ ಊಟ ಸಿಗುತ್ತದೆ. ಸೂಪ್, ಮಂಚೂರಿ, ನೂಡಲ್ಸ್. ವಾರ ವಾರ ಐಟಂ ಬದಲು. ಈ ವಾರ ಗೋಬಿ ಪೂರಾ ಕಂದು ಬಣ್ಣ, ಕೆಂಪೇ ಇಲ್ಲ! ಇದು ಮೋಸ ಅಲ್ವಾ? ಚೀನಾದಲ್ಲಿ ಹೀಗೆ ಕೊಡ್ತಾರಾ?

ಉತ್ತರ: ಚೀನಾಕ್ಕೆ ಯಾಕೆ ಹೋಗ್ತೀಯೋ ತಮ್ಮಾ, ಮಂಚೂರಿ ಹುಟ್ಟಿದ್ದೇ ಮುಂಬೈಯಲ್ಲಿ. ಕೋಲ್ಕತ್ತಾದಲ್ಲಿ ಹುಟ್ಟಿದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲು ಚಿಕನ್ನಿನಲ್ಲಿ ಮಾಡಿದರು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ನಮ್ಮವೇ. ಗರಂ ಮಸಾಲೆ ಬದಲು ಸೋಯಾ ಸಾಸ್, ಅಷ್ಟೇ. ಆ ಸೋಯಾದ ಬಣ್ಣವೇ ಕಂದು.

ಕೆಂಪು ಬರುತ್ತಿದ್ದದ್ದು ಡಬ್ಬಿಯಿಂದ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ? ನಿಮ್ಮ ಹೋಟೆಲಿನವರು ಸರಿಯಾಗೇ ಇದ್ದಾರೆ. ತಟ್ಟೆ ಮುಗಿದ ಮೇಲೂ ಬೆರಳು ಕೆಂಪಾಗೇ ಉಳಿದರೆ ಆಗ ಅನುಮಾನ ಪಡು.

ಕೆಂಪೇ ಬೇಕಾ? ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಬೆಳ್ಳುಳ್ಳಿ ಹುರಿಯುವಾಗಲೇ ಹಾಕು. ಎಣ್ಣೆ ಬಿಡೋವರೆಗೆ ಕೈಯಾಡಿಸು. ಖಾರ ಕಮ್ಮಿ, ಬಣ್ಣ ಜಾಸ್ತಿ. ನಮ್ಮ ಮಾವ ಮಾತ್ರ ಅದಕ್ಕೂ ಗರಿಗರಿ ಜೋಳದ ಕಟಕ ರೊಟ್ಟಿ ಕೇಳುತ್ತಾರೆ. ಮುರಿದು, ಆ ಗ್ರೇವಿಯಲ್ಲಿ ಅದ್ದಿ ತಿನ್ನುತ್ತಾರೆ. ನಿಮ್ಮ ಹೋಟೆಲಿನ ಸೆಟ್‌ನಲ್ಲಿ ಅದನ್ನೂ ಒಂದು ವಾರ ಇಡಲಿ ಅಂತ ಹೇಳಿ ನೋಡು.