ಶಾಕ್ ಬದಲಿಸುವ ಮುಂಚೆ ಆ ಲಿಂಕ್ ರಾಡ್ ಒಮ್ಮೆ ನೋಡಿ ಸಾರ್

ಆಲ್ದೂರಿನ ಸಾರ್, ನಿಮ್ಮ ಪೋಸ್ಟ್ ಓದಿ ಸುಮ್ಮನಿರೋಕೆ ಆಗಲಿಲ್ಲ. 2013ರ ಸ್ವಿಫ್ಟ್, ಮುಂದೆ ಎಡಗಡೆ ಕಟಕಟ ಸದ್ದು, ಮೆಕ್ಯಾನಿಕ್ ಮುಂದಿನ ಎರಡೂ ಶಾಕ್ (ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್) ಹೋಗಿದೆ ಅಂದರು, 14 ಸಾವಿರ ಹೇಳಿದರು, ನಾಳಿದ್ದು ಗ್ಯಾರೇಜಿಗೆ ಗಾಡಿ ಬಿಡುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಬಿಡಬೇಡಿ. ಮೂರು ವರ್ಷದ ಹಿಂದೆ ನಾನೂ ಹೀಗೇ ಗಾಡಿ ಬಿಟ್ಟೆ. ಎರಡು ಹೊಸ ಶಾಕ್, ಅದರ ತಲೆಯನ್ನು ಬಾಡಿಗೆ ಕೂರಿಸುವ ಟಾಪ್ ಮೌಂಟ್, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ 13,400 ಕೊಟ್ಟು ಹೊರಟರೆ, ಮೂಡಿಗೆರೆ ಹ್ಯಾಂಡ್‌ಪೋಸ್ಟ್ ದಾಟುವಷ್ಟರಲ್ಲಿ ಅದೇ ಕಟಕಟ. ಹೆಂಡತಿ ಪಕ್ಕದಲ್ಲಿ ಕೂತು ಏನೂ ಮಾತಾಡಲಿಲ್ಲ. ಅದು ಇನ್ನೂ ಕಷ್ಟ.

ನಿಮ್ಮ ಮಾತಲ್ಲೇ ಉತ್ತರ ಇದೆ. ಶಾಕ್ ಮೇಲೆ ಆಯಿಲ್ ಇಲ್ಲ, ಒಣಗಿದೆ ಅಂದಿದ್ದೀರಿ. ಹಂಪ್ಸ್ ದಾಟಿದ ಮೇಲೆ ಗಾಡಿ ತೇಲುವುದಿಲ್ಲ ಅಂದಿದ್ದೀರಿ. ಬ್ರೇಕ್ ಹಿಡಿದರೆ ಮೂತಿ ಜಾಸ್ತಿ ಬಗ್ಗುವುದೂ ಇಲ್ಲ. ಮತ್ತೆ ಶಾಕ್ ಹೋಗಿದೆ ಅಂತ ಯಾವ ಲೆಕ್ಕದಲ್ಲಿ ಹೇಳಿದರು? ಟೈರ್ ಮೇಲೆ ಒಮ್ಮೆ ಅಂಗೈ ಸವರಿ ನೋಡಿ. ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಆಗ ಶಾಕ್ ಮೇಲೆ ಅನುಮಾನ ಪಡಬಹುದು. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಹೋಗಿರುವುದು ಗೊತ್ತಾಗಲ್ಲ.

ನಿಧಾನಕ್ಕೆ, 15-20 ಕಿ.ಮೀ. ವೇಗದಲ್ಲಿ, ಸಣ್ಣ ಸಣ್ಣ ಜಲ್ಲಿ ಎದ್ದ ಕಡೆ ಕಟಕಟ. ದೊಡ್ಡ ಹಂಪ್ಸ್‌ನಲ್ಲಿ ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಸದ್ದೇ ಇಲ್ಲ ಅಂತಲೂ ಬರೆದಿದ್ದೀರಿ. ಇದು ನೂರಕ್ಕೆ ತೊಂಬತ್ತು ಸ್ಟೆಬಿಲೈಸರ್ ಲಿಂಕ್ ರಾಡ್. ಗಾಡಿ ವಾಲದ ಹಾಗೆ ಎಡ-ಬಲ ಚಕ್ರಗಳ ನಡುವೆ ಅಡ್ಡ ಹಾಕಿರುವ ಸ್ಟೆಬಿಲೈಸರ್ ಬಾರ್ ಇದೆಯಲ್ಲ, ಅದರ ತುದಿಯನ್ನು ಶಾಕ್‌ಗೆ ಸೇರಿಸುವ ಸಣ್ಣ ಸರಳು ಅದು. ಎರಡು ಚಕ್ರ ಬೇರೆ ಬೇರೆ ಎತ್ತರಕ್ಕೆ ಹೋದಾಗ ಮಾತ್ರ ಆ ರಾಡ್‌ಗೆ ಕೆಲಸ, ಅದಕ್ಕೇ ಹೀಗೆ.

ನನ್ನ ಮೆಕ್ಯಾನಿಕ್ ಲಿಂಕ್ ರಾಡ್ ನೋಡಲಿಲ್ಲ ಅಂತಲ್ಲ, ನೋಡಿದರು. ಎಡಗಡೆ ಮಾತ್ರ ಜಾಕ್ ಕೊಟ್ಟು, ಕೈಯಲ್ಲಿ ಅಲ್ಲಾಡಿಸಿ, ‘ಟೈಟ್ ಇದೆ’ ಅಂದರು. ತಪ್ಪು ಆಗಿದ್ದು ಅಲ್ಲೇ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಲೂಸ್ ಇದ್ದರೂ ಕಾಣಲ್ಲ. ಎರಡೂ ಮುಂದಿನ ಚಕ್ರ ನೆಲದ ಮೇಲೆ ಇರಬೇಕು, ಇಲ್ಲವೇ ಎರಡೂ ಒಟ್ಟಿಗೆ ನೇತಾಡಬೇಕು. ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ, ಕೆಳಗೆ ನೀವೇ ನಿಂತು ಅಲ್ಲಾಡಿಸಿ.

ಅದರಲ್ಲೂ ಗೊತ್ತಾಗದಿದ್ದರೆ ನನ್ನ ಉಪಾಯ: ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಬಾರ್‌ನ ತುದಿ ಎಲ್ಲೂ ಬಡಿಯದ ಹಾಗೆ ತಂತಿಯಲ್ಲಿ ಕಟ್ಟಿ. ಸದ್ದು ಬರುತ್ತಿದ್ದ ಅದೇ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಒಂದು ಎಚ್ಚರಿಕೆ, ಲಿಂಕ್ ಇಲ್ಲದೆ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಗ್ಯಾರೇಜ್ ಸುತ್ತಮುತ್ತ ಸಾಕು, ಚಾರ್ಮಾಡಿ ಘಾಟಿ ಕಡೆ ಹೊರಟುಬಿಡಬೇಡಿ. ನಮ್ಮ ಮಳೆಗೆ ನಟ್ ತುಕ್ಕು ಹಿಡಿದು ಕೂತಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದಿಡಿ.

ನನ್ನ ಹಳೆ ರಾಡ್ ಬಿಚ್ಚಿದಾಗ ತುದಿಯ ಬಾಲ್ ಮುಚ್ಚುವ ರಬ್ಬರ್ ಬೂಟ್ ಸೀಳಿ, ಒಳಗಿನ ಗ್ರೀಸ್ ಕೆಮ್ಮಣ್ಣಿನ ಜೊತೆ ಕಲಸಿ ರಾಗಿ ಅಂಬಲಿ ಆಗಿತ್ತು. ಅಡ್ಡ ಹಿಡಿದರೆ ಬಾಲ್ ತನ್ನ ಭಾರಕ್ಕೆ ತಾನೇ ತೊಪ್ಪೆಂದು ಬೀಳುತ್ತಿತ್ತು. ಹೊಸದನ್ನು ಬೆರಳಲ್ಲಿ ಅಲುಗಿಸೋಕೂ ಕಷ್ಟ. ಜೋಡಿಗೆ 1,300, ಕೂಲಿ 400. ಅಷ್ಟೇ. ಇದಕ್ಕೆ ಅಲೈನ್‌ಮೆಂಟ್ ಬೇಡ, ಬೇಕು ಅಂದರೆ ನಂಬಬೇಡಿ. ಶಾಕ್, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್, ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್ ಮುಟ್ಟಿದರೆ ಮಾಡಿಸಲೇಬೇಕು.

ಹಾಗಂತ ಎಲ್ಲ ಸದ್ದೂ ಲಿಂಕ್ ಅಲ್ಲ. ಬ್ರೇಕ್ ಹಿಡಿದಾಗ ‘ದುಡ್’ ಅಂದರೆ ಲೋವರ್ ಆರ್ಮ್‌ನ ರಬ್ಬರ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಸ್ಪ್ರಿಂಗ್ ಜಿಗಿದ ಹಾಗಾದರೆ ಟಾಪ್ ಮೌಂಟ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಓಡಿಸುವಾಗ ಟಕ್ ಟಕ್ ಅಂದರೆ ಅದು ಸಸ್ಪೆನ್ಶನ್ನೇ ಅಲ್ಲ, ಚಕ್ರ ತಿರುಗಿಸುವ ಆಕ್ಸಲ್‌ನ ಜಾಯಿಂಟ್. ಲೋವರ್ ಆರ್ಮನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟ್ ಲೂಸ್ ಇದ್ದರೆ ಮಾತ್ರ ಅಲ್ಲೇ ಗಾಡಿ ನಿಲ್ಲಿಸಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಅಲ್ಲಿ ದುಡ್ಡು ನೋಡಬೇಡಿ. ಆರ್ಮ್ ಒಂದಕ್ಕೆ ಎರಡು, ಎರಡೂವರೆ ಸಾವಿರ ಆಗಬಹುದು, ಪೂರ್ತಿ ಆರ್ಮೇ ಹಾಕಿಸಿ. ಹಾಕುವಾಗ ಬುಷ್ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಬಾರದು. ಗಾಡಿ ಇಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಹೇಳಿದರೆ ಕೆಲವು ಮೆಕ್ಯಾನಿಕ್‌ಗಳಿಗೆ ಸಿಟ್ಟು ಬರುತ್ತದೆ. ಬರಲಿ.

ಯಾವ ಕಂಪನಿ ಪಾರ್ಟ್ ಹಾಕಿಸಲಿ ಅಂತ ಕೇಳಿದ್ದೀರಿ. ಶಾಕ್ ನಿಜವಾಗಿ ಹೋಗಿದ್ದರೆ ಗೇಬ್ರಿಯಲ್ ಆಗಬಹುದು, ಮಾರುತಿ ಜೆನ್ಯುಯಿನ್ ಪಾರ್ಟ್ ಸಿಕ್ಕರೆ ಇನ್ನೂ ನಿಶ್ಚಿಂತೆ. ಎರಡೂ ಕಡೆ ಒಟ್ಟಿಗೇ ಹಾಕಿಸಿ. ಲಿಂಕ್, ಬಾಲ್ ಜಾಯಿಂಟ್‌ಗೆ ನಾನು ರಾಣೆ ಕಂಪನಿಯದು ಹಾಕುತ್ತೇನೆ. ಹೆಸರಿಲ್ಲದ ಡಬ್ಬದ 250 ರೂಪಾಯಿ ಲಿಂಕ್ ಒಮ್ಮೆ ಹಾಕಿ ನೋಡಿದೆ, ಒಂದು ಮಳೆಗಾಲ ತಡೆಯಲಿಲ್ಲ. ಡೀಸೆಲ್, ಪೆಟ್ರೋಲ್ ಗಾಡಿಗೆ ಪಾರ್ಟ್ ನಂಬರ್ ನೋಡಿಕೊಂಡು ತನ್ನಿ. ಡೀಸೆಲ್ ಮೂತಿ ಭಾರ.

ಇನ್ನು ಕೆಳಗಿನ ಕಾಮೆಂಟಿನಲ್ಲಿ ಒಬ್ಬರು ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ತುರುಕಿ ಅಂದಿದ್ದಾರೆ. ಸಾರ್, ಬೇಡ. ಸ್ಪ್ರಿಂಗ್‌ನ ಎರಡು ಸುತ್ತು ಕೆಲಸ ಮಾಡದ ಹಾಗೆ ಮಾಡಿ, ಆ ಪೆಟ್ಟನ್ನು ಮೌಂಟ್‌ಗೆ ಕೊಡುತ್ತದೆ. ಹಿಂದಿನ ಚಕ್ರದ ಸ್ಪ್ರಿಂಗ್ ಕುಗ್ಗಿ ಕೂತಿದೆ ಅಂದಿದ್ದೀರಿ, ಅದಕ್ಕೆ ಕಾರಣ ಬೇರೆ ಇದೆ, ನೀವು ಹಾಕಿದ ಫೋಟೊದಲ್ಲೇ ಕಾಣಿಸುತ್ತದೆ. ಹಿಂದಿನ ಸೀಟ್ ಮಡಚಿ ಆರು ಚೀಲ ಕಾಫಿ ಚೆರ್ರಿ (ಹಣ್ಣು) ಹೇರಿದ್ದೀರಿ. 50 ಕೆ.ಜಿ. ಲೆಕ್ಕದಲ್ಲಿ 300 ಕೆ.ಜಿ. ಆಯ್ತು, ಅದೂ ಎಲ್ಲ ಹಿಂದಿನ ಆಕ್ಸಲ್ ಮೇಲೆ. ಅದು ಕಾರ್ ಸಾರ್, ಪಿಕಪ್ ಅಲ್ಲ. ಹೇರಲೇಬೇಕು ಅಂದರೆ ಮೂರು ಚೀಲ, ಅದೂ ಮುಂದಿನ ಸೀಟಿಗೆ ಒತ್ತಿ. ಟೈರಿಗೆ ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಅಷ್ಟು ಹೊಡೆಸಿ.

80 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಅಂತ ನೀವು ಅಂದಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಅದಕ್ಕೆ ದುಡ್ಡು ಕೊಡುವ ಮುಂಚೆ ಚಕ್ರದ ಒಳಮಗ್ಗುಲು ಬಗ್ಗಿ ನೋಡಿ. ತೋಟದ ಮಣ್ಣು ರಿಮ್ ಒಳಗೆ ಒಂದೇ ಕಡೆ ಹೆಂಟೆ ಕಟ್ಟಿ ಒಣಗಿರುತ್ತದೆ, ಬ್ಯಾಲೆನ್ಸ್ ಹೋಗೋಕೆ ಅಷ್ಟು ಸಾಕು. ಪೈಪ್ ಹಿಡಿದು ಪೂರ್ತಿ ತೊಳೆದು ಕಡೂರು ರಸ್ತೆಯಲ್ಲಿ ಒಂದು ರೌಂಡ್ ಓಡಿಸಿ. ಆಮೇಲೂ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಎಡಗಡೆ ಲಿಂಕ್‌ನ ಬೂಟ್ ಹತ್ತಿರದಿಂದ ಒಂದು ಫೋಟೊ ತೆಗೆದು ಇಲ್ಲೇ ಹಾಕಿ. ಚಕ್ರ ಪೂರ್ತಿ ಬಲಕ್ಕೆ ತಿರುಗಿಸಿದರೆ ಬಿಚ್ಚದೆಯೇ ಕಾಣುತ್ತದೆ.