ಕೋಷ್ಟಕದ ನಂಬರಿಗೆ ಫೈಂಡ್-ರಿಪ್ಲೇಸ್ ಮಾತ್ರ ಬೇಡ

ಮೇಡಂ, ಗೈಡ್ ಮೂರನೇ ಅಧ್ಯಾಯದ ನಡುವೆ ಒಂದು ಕೋಷ್ಟಕ ಸೇರಿಸಿ ಅಂದರು, ಮುಂದಿನ ನಂಬರುಗಳನ್ನೆಲ್ಲ ಫೈಂಡ್-ರಿಪ್ಲೇಸ್‌ನಲ್ಲಿ ಬದಲಾಯಿಸ್ತಾ ಇದ್ದೀನಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು. ದಯವಿಟ್ಟು ಅಲ್ಲೇ ನಿಲ್ಲಿಸಿ. ನನ್ನ ಪ್ರಬಂಧದಲ್ಲಿ ನಾನು ಮಾಡಿದ್ದೂ ಇದನ್ನೇ.

ನನ್ನಲ್ಲಿ 3.4ರಿಂದ 3.9ರವರೆಗೆ ಆರು ಕೋಷ್ಟಕ ಇದ್ದವು. 3.4 ಇದ್ದದ್ದನ್ನು 3.5 ಮಾಡಿದೆ. ಆಮೇಲೆ 3.5 ಇದ್ದದ್ದನ್ನು 3.6. ಹೀಗೇ ಮುಂದೆ. ಕೊನೆಗೆ ನೋಡಿದರೆ ಆರಕ್ಕೆ ಆರೂ 3.10 ಆಗಿ ಕೂತಿದ್ದವು. ಅದಾದರೂ ಕಣ್ಣಿಗೆ ಕಾಣುವ ತಪ್ಪು. ನಾನು ಒಂದು ಕಡೆ 'ಕೋಷ್ಟಕ 3.4' ಅಂತಲೂ ಇನ್ನೊಂದು ಕಡೆ '3.4ನೇ ಕೋಷ್ಟಕ' ಅಂತಲೂ ಬರೆದಿದ್ದೆ, ಹಾಗಾಗಿ ಬರೀ '3.4' ಅಂತ ಹುಡುಕಿ ರಿಪ್ಲೇಸ್ ಆಲ್ ಒತ್ತಿದ್ದೆ. ಕೋಷ್ಟಕಗಳ ಒಳಗಿನ ಅಂಕಿಗಳೂ ಹೋದವು. ಶೇಕಡಾ 43.4 ಇದ್ದದ್ದು 43.10. 43.7 ಇದ್ದದ್ದೂ 43.10. ಸೇವ್ ಮಾಡಿ ಮುಚ್ಚಿದ್ದೆ, ಅನ್‌ಡೂ ಎಲ್ಲಿಂದ ಬರಬೇಕು? ಒಂದೇ ದಶಮಾಂಶ ಇರುವ ಕಾಲಂನಲ್ಲಿ ಇದೊಂದು 43.10 ಎಲ್ಲಿಂದ ಬಂತು ಅಂತ ನಮ್ಮ ಗೈಡ್ ಪೆನ್ನಿಂದ ಸುತ್ತು ಹಾಕಿ ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ನಿಮಗೆ ಉತ್ತರ ಬರೆದ ಒಬ್ಬರು ಕೊನೆಯ ನಂಬರಿನಿಂದ ಹಿಂದಕ್ಕೆ ಬನ್ನಿ, ಅಂದರೆ ಮೊದಲು 3.9 ಬದಲಿಸಿ ಆಮೇಲೆ 3.8, ಅಂದಿದ್ದಾರೆ. ಸರಿ, ನಂಬರು ಒಂದರ ಮೇಲೊಂದು ಬೀಳುವುದಿಲ್ಲ. ಆದರೆ ಒಳಗಿನ ಅಂಕಿ ಉಳಿಯುವುದಿಲ್ಲ, ಮತ್ತೆ ಗೈಡ್ ಇನ್ನೊಂದು ಕೋಷ್ಟಕ ಕೇಳಿದರೆ ಮತ್ತೆ ಮೊದಲಿಂದ. ಕೇಳದೆ ಇರ್ತಾರಾ?

ವರ್ಡ್‌ನಲ್ಲಿ ಕ್ಯಾಪ್ಷನ್‌ಗಳನ್ನು, ಅಂದರೆ ಕೋಷ್ಟಕದ ನಂಬರು-ಹೆಸರಿನ ಸಾಲುಗಳನ್ನು, ಇನ್ಸರ್ಟ್ ಕ್ಯಾಪ್ಷನ್‌ನಿಂದಲೇ ಹಾಕಿ. ಕೈಯಲ್ಲಿ ಟೈಪ್ ಮಾಡಿದ 'ಕೋಷ್ಟಕ 3.4' ಅಳಿಸಿ, ಅದೇ ಜಾಗಕ್ಕೆ ಇದು. ನ್ಯೂ ಲೇಬಲ್‌ನಲ್ಲಿ 'ಕೋಷ್ಟಕ' ಅಂತ ಒಮ್ಮೆ ಮಾಡಿಕೊಂಡರೆ ಸಾಕು. ಆದರೆ ಕಾಗುಣಿತ ಒಂದೇ ಇರಲಿ! ಒಮ್ಮೆ ಕೋಷ್ಟಕ, ಇನ್ನೊಮ್ಮೆ ಕೋಷ್ಠಕ ಅಂತ ಎರಡು ಲೇಬಲ್ ಆದರೆ ವರ್ಡ್ ಎರಡನ್ನೂ ಬೇರೆ ಬೇರೆಯಾಗಿ 1ರಿಂದ ಎಣಿಸುತ್ತದೆ, ಕೋಷ್ಟಕಗಳ ಪಟ್ಟಿಯಲ್ಲೂ ಅರ್ಧ ಮಾಯ. ಅಧ್ಯಾಯದ ನಂಬರೂ ಬರಬೇಕಾದರೆ ಅಧ್ಯಾಯದ ಶೀರ್ಷಿಕೆಗೆ ಹೆಡಿಂಗ್ 1 ಸ್ಟೈಲ್ ಹಾಕಿ, ಅದಕ್ಕೆ ಮಲ್ಟಿಲೆವೆಲ್ ಲಿಸ್ಟ್‌ನಿಂದ ನಂಬರ್ ಕೊಟ್ಟಿರಬೇಕು. 'ಅಧ್ಯಾಯ 3' ಅಂತ ಕೈಯಲ್ಲಿ ಬರೆದು ಬೋಲ್ಡ್ ಮಾಡಿದ್ದರೆ ವರ್ಡ್‌ಗೆ ಏನೂ ತಿಳಿಯುವುದಿಲ್ಲ.

ನನಗೆ 38 ಕೋಷ್ಟಕಕ್ಕೆ ಒಂದೂವರೆ ದಿನ ಹಿಡಿಯಿತು. ಬೇಜಾರಿನ ಕೆಲಸ, ಆದರೆ ಒಂದೇ ಸಲ.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ಬರುವ ತೊಂದರೆ. ಕ್ರಾಸ್-ರೆಫರೆನ್ಸ್, ಅಂದರೆ ಬರಹದ ನಡುವೆ ಕೋಷ್ಟಕದ ನಂಬರನ್ನು ತಾನಾಗಿ ತರುವ ಕೊಂಡಿ, ಹಾಕುವಾಗ 'ಓನ್ಲಿ ಲೇಬಲ್ ಅಂಡ್ ನಂಬರ್' ಆರಿಸಿದರೆ 'ಕೋಷ್ಟಕ 3.4' ಅಂತ ಬರುತ್ತದೆ. ಬರೀ ನಂಬರ್ ಕೊಡುವ ಆಯ್ಕೆ ಕ್ಯಾಪ್ಷನ್‌ಗೆ ಇಲ್ಲವೇ ಇಲ್ಲ. ಹಾಗಾಗಿ '3.4ನೇ ಕೋಷ್ಟಕ' ಅನ್ನುವ ಅಭ್ಯಾಸ ಬಿಡಿ, 'ಕೋಷ್ಟಕ 3.4ರಲ್ಲಿ' ಅಂತ ಬರೆಯಿರಿ. ಬಿಡಲಾರೆ ಅನ್ನುವವರು ಕ್ಯಾಪ್ಷನ್‌ನಲ್ಲಿ ನಂಬರಿನಷ್ಟನ್ನೇ ಸೆಲೆಕ್ಟ್ ಮಾಡಿ ಬುಕ್‌ಮಾರ್ಕ್ ಕೊಟ್ಟು ಅದನ್ನು ಕರೆಸಿಕೊಳ್ಳಬಹುದು, ನಾನಂತೂ ಆ ತಲೆನೋವಿಗೆ ಹೋಗಲಿಲ್ಲ. 'ರಲ್ಲಿ', 'ಕ್ಕೆ' ಇವನ್ನು ಫೀಲ್ಡಿನ (ವರ್ಡ್ ತಾನೇ ತುಂಬುವ ಭಾಗದ) ಹೊರಗೆ, ಅಂದರೆ ಬೂದು ಪಟ್ಟಿ ಮುಗಿದ ಮೇಲೆ ಟೈಪ್ ಮಾಡಿ. ಒಳಗೆ ಸೇರಿದರೆ ನಂಬರ್ ಅಪ್‌ಡೇಟ್ ಮಾಡಲು ಎಫ್9 ಒತ್ತಿದ ಕೂಡಲೇ ಅಳಿಸಿಹೋಗುತ್ತದೆ.

ಬೂದು ಪಟ್ಟಿ ಕಾಣ್ತಿಲ್ವಾ? ಆಪ್ಷನ್ಸ್, ಅಡ್ವಾನ್ಸ್ಡ್, ಫೀಲ್ಡ್ ಶೇಡಿಂಗ್, ಆಲ್ವೇಸ್. ಇದೊಂದನ್ನು ಇವತ್ತೇ ಮಾಡಿ, ಉಳಿದದ್ದೆಲ್ಲ ನಾಳೆ ಮಾಡಿದರೂ ಪರವಾಗಿಲ್ಲ. ಪುಟ ತಿರುಗಿಸುತ್ತಾ ಹೋದಾಗ ಯಾವ ನಂಬರಿನ ಹಿಂದೆ ಬೂದು ಇಲ್ಲವೋ ಅದು ಕೈಯಲ್ಲಿ ಹಾಕಿದ್ದು, ಮುಂದೆ ಕೈಕೊಡುವುದೂ ಅದೇ. ಪ್ರಿಂಟ್‌ನಲ್ಲಿ ಈ ಬಣ್ಣ ಬರುವುದಿಲ್ಲ, ಹೆದರಬೇಡಿ.

ಗೈಡ್‌ಗೆ ಕಳಿಸುವ ಮುಂಚೆ ಪ್ರತಿ ಸಲ ಕಂಟ್ರೋಲ್-ಎ, ಎಫ್9. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಲಿಯೂ ಬೇಕಾಗಬಹುದು. ಅಡಿಟಿಪ್ಪಣಿ, ಹೆಡರ್, ಟೆಕ್ಸ್ಟ್ ಬಾಕ್ಸ್ ಒಳಗಿನವು ಇದರಲ್ಲಿ ಅಪ್‌ಡೇಟ್ ಆಗುವುದಿಲ್ಲ, ಅಲ್ಲಿಗೇ ಹೋಗಿ ಒತ್ತಬೇಕು. ಆಮೇಲೆ ಇಂಗ್ಲಿಷ್‌ನಲ್ಲಿ 'ಎರರ್' ಅಂತ ಟೈಪ್ ಮಾಡಿ ಹುಡುಕಿ, ಕೊಂಡಿ ತಪ್ಪಿದ ಕಡೆ ವರ್ಡ್ ಈ ಪದದಿಂದ ಶುರುವಾಗುವ ಸಂದೇಶ ಹಾಕಿರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳನ್ನೇ ಕನ್ನಡದ ಆಕಾರದಲ್ಲಿ ತೋರಿಸುವಂಥದ್ದು) ಬರೆಯುವವರು ಇದನ್ನು ತಪ್ಪಿಸಲೇಬೇಡಿ. ಆ ಫಾಂಟ್‌ನಲ್ಲಿ ಎರರ್ ಸಂದೇಶವೂ ಕನ್ನಡ ಅಕ್ಷರವಾಗಿ 'ಇಡಿಡಿ' ಅಂತೇನೋ ಶುರುವಾಗುತ್ತದೆ, ಓದುವ ಕಣ್ಣು ಅದನ್ನು ಟೈಪಿಂಗ್ ದೋಷ ಅಂದುಕೊಂಡು ದಾಟಿಬಿಡುತ್ತದೆ. ಹುಡುಕಿದರೆ ಮಾತ್ರ ಸಿಗುತ್ತದೆ. ಪ್ರಬಂಧ ಈಗ ಶುರು ಮಾಡುವವರು ಯೂನಿಕೋಡ್ ಬಿಟ್ಟು ಬೇರೆ ಯಾಕೆ ಮುಟ್ಟುತ್ತೀರೋ ನನಗೆ ಅರ್ಥವಾಗುವುದಿಲ್ಲ.

ಕ್ಯಾಪ್ಷನ್ ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಕೊಂಡಿ ಸತ್ತಂತೆ. ಜಾಗ ಬದಲಿಸಬೇಕಾದರೆ ಇಡೀ ಸಾಲನ್ನು ಕಟ್-ಪೇಸ್ಟ್ ಮಾಡಿ. ಹೆಡಿಂಗ್‌ನ ಶುರುವಲ್ಲಿ ಕರ್ಸರ್ ಇಟ್ಟು ಎಂಟರ್ ಒತ್ತಬೇಡಿ, ಅದಕ್ಕೆ ಕೊಟ್ಟ ಕೊಂಡಿ ಕೆಡಬಹುದು, ಹಿಂದಿನ ಪ್ಯಾರಾದ ಕೊನೆಯಲ್ಲಿ ಒತ್ತಿ. ತಿದ್ದುಪಡಿಗಳನ್ನು ಗುರುತಿಟ್ಟು ತೋರಿಸುವ ಟ್ರ್ಯಾಕ್ ಚೇಂಜಸ್ ಆನ್ ಇದ್ದರೆ ಅಳಿಸಿದ ಕೋಷ್ಟಕವೂ ಎಣಿಕೆಯಲ್ಲಿ ಇರುತ್ತದೆ, ಅಕ್ಸೆಪ್ಟ್ ಮಾಡುವ ತನಕ ನಂಬರ್ ಯಾಕೆ ಸರಿಹೋಗ್ತಿಲ್ಲ ಅಂತ ತಲೆ ಚಚ್ಚಿಕೊಳ್ಳಬೇಡಿ. ಅಧ್ಯಾಯಕ್ಕೊಂದು ಫೈಲ್ ಮಾಡಿದವರು ಎಲ್ಲ ಒಂದೇ ಫೈಲಿಗೆ ತನ್ನಿ, ಬೇರೆ ಬೇರೆ ಫೈಲುಗಳನ್ನು ಒಂದಕ್ಕೆ ಜೋಡಿಸುವ ಮಾಸ್ಟರ್ ಡಾಕ್ಯುಮೆಂಟ್ ಸಹವಾಸ ಮಾತ್ರ ಬೇಡ. ಗೂಗಲ್ ಡಾಕ್ಸ್ ಸಣ್ಣ ಲೇಖನಕ್ಕೆ ಚೆನ್ನ, ಪ್ರಬಂಧಕ್ಕಲ್ಲ. ಲಿಬ್ರೆಆಫೀಸ್‌ನಲ್ಲಿ ಇದೆಲ್ಲ ಆಗುತ್ತದೆ, ಎಫ್9 ಕೂಡ ಅದೇ. ಆದರೆ ಒಮ್ಮೆ ಅದರಲ್ಲಿ ಶುರು ಮಾಡಿದರೆ ಅದರದ್ದೇ ಫೈಲ್ ರೂಪವಾದ ಒಡಿಟಿಯಲ್ಲೇ ಉಳಿಸಿ, ವರ್ಡ್‌ಗೂ ಅದಕ್ಕೂ ಓಡಾಡಿಸಬೇಡಿ.

ಮೇಡಂ, ನೀವು ಆಗಲೇ ಎಷ್ಟು ಸಲ ರಿಪ್ಲೇಸ್ ಆಲ್ ಒತ್ತಿದ್ದೀರೋ ಗೊತ್ತಿಲ್ಲ. ಗೈಡ್‌ಗೆ ಮೊದಲು ಮೇಲ್ ಮಾಡಿದ ಫೈಲ್ ಸೆಂಟ್ ಫೋಲ್ಡರ್‌ನಲ್ಲಿ ಇರುತ್ತದೆ ಅಲ್ವಾ, ಅದನ್ನು ಇಳಿಸಿಕೊಂಡು ರಿವ್ಯೂ ಟ್ಯಾಬ್‌ನ ಕಂಪೇರ್‌ನಲ್ಲಿ ಈಗಿನ ಫೈಲಿನ ಜೊತೆ ಇಟ್ಟು ನೋಡಿ. ಕೋಷ್ಟಕದ ಒಳಗೆ ಬದಲಾದ ಒಂದೊಂದು ಅಂಕಿಯನ್ನೂ ತೋರಿಸುತ್ತದೆ. ಜಾಸ್ತಿ ಹಾಳಾಗಿದ್ದರೆ ಹಳೆಯ ಫೈಲಿನಿಂದಲೇ ಮತ್ತೆ ಶುರು ಮಾಡಿ.